ಕತ್ತರಿ ಬಿದ್ದ ಜಾಗದಲ್ಲಿ ಏನಿತ್ತು?

ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿಯುತ್ತಿದ್ದಾರೆ. ಪಕ್ಕದಲ್ಲಿ ಮೂರನೆಯವನೊಬ್ಬ ಗ್ರಾಮಫೋನಿನ ಬಾಯಿಯಂಥ ದೊಡ್ಡ ಕೊಳವೆಯೆದುರು ನಿಂತು ಪಿಟೀಲು ನುಡಿಸುತ್ತಿದ್ದಾನೆ. ಎಲ್ಲ ಸೇರಿ ಇಪ್ಪತ್ತು ಸೆಕೆಂಡೂ ಆಗುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಎಡಿಸನ್ ಪ್ರಯೋಗಶಾಲೆಯಲ್ಲಿ 1894–95ರ ಸುಮಾರಿಗೆ ತೆಗೆದ ಚಿತ್ರ ಇದು. ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯಬಹುದೇ ಎಂದು ವಿಲಿಯಂ ಡಿಕ್ಸನ್ ಎಂಬಾತ ಮಾಡಿದ ಪರೀಕ್ಷೆ. ಸ್ಟುಡಿಯೋದಲ್ಲಿ ಕೈಗೆ ಸಿಕ್ಕವರು ಗಂಡಸರೇ, ಆದ್ದರಿಂದ ಕುಣಿದವರೂ ಗಂಡಸರೇ.

ಇದಾಗಿ ನೂರು ವರ್ಷಕ್ಕೆ, 1995ರಲ್ಲಿ, 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್' ಎಂಬ ಸಾಕ್ಷ್ಯಚಿತ್ರ ತನ್ನ ಕಥೆಯನ್ನು ಇದೇ ಕುಣಿತದಿಂದ ಶುರುಮಾಡಿತು. ಹಾಲಿವುಡ್ಡು ಸಲಿಂಗ ಪ್ರೇಮಿಗಳನ್ನು ನೂರು ವರ್ಷ ಹೇಗೆ ತೋರಿಸಿತು, ಹೇಗೆ ಮುಚ್ಚಿಟ್ಟಿತು ಎಂಬುದು ಅದರ ವಿಷಯ. ಕ್ವಿಯರ್ ಸಿನಿಮಾದ ಇತಿಹಾಸ ಹೇಳುವ ಸಾಕ್ಷ್ಯಚಿತ್ರಗಳ ಪೈಕಿ ಇವತ್ತಿಗೂ ಮೊದಲು ನೆನಪಾಗುವುದು ಅದೇ. ಆ ಚಿತ್ರದ ಹಿಂದಿನ ಕಥೆಯನ್ನೂ, ಅದು ಬಿಟ್ಟುಹೋದದ್ದನ್ನು ತುಂಬಲು ಹೊರಟ ಬೇರೆ ಕೆಲವರ ಕಥೆಯನ್ನೂ ಈ ಸಲ ಹೇಳಬೇಕೆನಿಸಿದೆ. ಕೊನೆಗೆ ಮುಂಬಯಿಗೂ ಬೆಂಗಳೂರಿಗೂ ಬರುತ್ತೇವೆ.

ರೀಲು ಹೊತ್ತು ಊರೂರು ತಿರುಗಿದವನು

ಮೊದಲಿಗೆ ವಿಟೊ ರುಸೊ ಯಾರೆಂದು ಹೇಳಬೇಕು. 1946ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇಟಾಲಿಯನ್ ಮೂಲದ ಹುಡುಗ. ಸಿನಿಮಾ ಹುಚ್ಚು. 1970ರ ದಶಕದ ಆರಂಭದಲ್ಲಿ ಆ ನಗರದ ಸಲಿಂಗಿ ಹೋರಾಟಗಾರರ ಸಂಘವೊಂದು ಹಳೆಯ ಫೈರ್ ಸ್ಟೇಷನ್ ಕಟ್ಟಡದಲ್ಲಿ ಸೇರುತ್ತಿತ್ತು. ರುಸೊ ಅಲ್ಲಿ ಸಿನಿಮಾ ತೋರಿಸುತ್ತಿದ್ದ. ಅದುವರೆಗೆ ಕತ್ತಲೆಯ ಥಿಯೇಟರಿನಲ್ಲಿ ಒಬ್ಬೊಬ್ಬರೇ ಕೂತು, ತಮ್ಮಂಥವರನ್ನು ಗೇಲಿ ಮಾಡುವ ದೃಶ್ಯ ಬಂದಾಗ ಅಕ್ಕಪಕ್ಕದವರ ಜೊತೆ ತಾವೂ ನಕ್ಕುಬಿಡುತ್ತಿದ್ದವರು ಈಗ ಒಟ್ಟಿಗೆ ಕೂತು ಅದೇ ದೃಶ್ಯ ನೋಡಿದರು. ಆಗ ನಗು ಬೇರೆ ಕಡೆ ಬಂತು. ಕೆಲವು ಕಡೆ ಬರಲೇ ಇಲ್ಲ.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಿನಿಮಾ ವಿಭಾಗದಲ್ಲಿ ರುಸೊಗೆ ಕೆಲಸ ಸಿಕ್ಕಿತು. ಹಳೆಯ ಚಿತ್ರಗಳು ಕೈಗೆಟಕಿದವು. ಆತ ತುಣುಕುಗಳನ್ನು ಜೋಡಿಸಿಕೊಂಡು ಉಪನ್ಯಾಸ ಕೊಡತೊಡಗಿದ: ಒಂದು ತುಣುಕು, ಸ್ವಲ್ಪ ಮಾತು, ಇನ್ನೊಂದು ತುಣುಕು. ಮನೆಮನೆಗೆ ವೀಡಿಯೊ ಕ್ಯಾಸೆಟ್ ಬಂದಿರದ ಕಾಲ ಅದು. ಹಳೆಯ ಸಿನಿಮಾದ ಒಂದು ದೃಶ್ಯವನ್ನು ಮತ್ತೆ ನೋಡಬೇಕೆಂದರೆ ಟಿವಿಯಲ್ಲಿ ನಡುರಾತ್ರಿ ಅದು ಬರುವವರೆಗೆ ಕಾಯಬೇಕಿತ್ತು. ಕಾಲೇಜು, ಉತ್ಸವ, ಸಭಾಂಗಣ ಎಂದು ತಿರುಗುತ್ತಲೇ ಉಪನ್ಯಾಸ ಬೆಳೆದು 1981ರಲ್ಲಿ ಪುಸ್ತಕವಾಯಿತು, 1987ರಲ್ಲಿ ಪರಿಷ್ಕೃತ ಮುದ್ರಣವೂ ಬಂತು. ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿಯಿದೆ: ಯಾವ ಸಿನಿಮಾದಲ್ಲಿ ಯಾವ ಸಲಿಂಗಿ ಪಾತ್ರ ಹೇಗೆ ಸತ್ತಿತು ಎಂಬ ಮರಣಪಟ್ಟಿ. ಆತ್ಮಹತ್ಯೆ, ಕೊಲೆ, ಮತ್ತೆ ಆತ್ಮಹತ್ಯೆ. ವ್ಯಾಖ್ಯಾನವೇ ಬೇಕಿಲ್ಲ. ಪ್ರೇಕ್ಷಕನಿಗೆ ಸಿನಿಮಾ ಕಲಿಸಿದ ಪಾಠ ಆ ಪಟ್ಟಿಯಲ್ಲಿದೆ.

ಪುಸ್ತಕ ಬಂದ ವರ್ಷವೇ ಏಡ್ಸ್ ಎಂಬ, ಆಗಿನ್ನೂ ಹೆಸರಿಡದ ಕಾಯಿಲೆಯ ಮೊದಲ ವರದಿಗಳು ಬಂದವು. ರುಸೊನ ಸಂಗಾತಿ 1986ರಲ್ಲಿ ಅದಕ್ಕೆ ಬಲಿಯಾದ. ರುಸೊಗೂ ಸೋಂಕಿತ್ತು. ಕೊನೆಯ ವರ್ಷಗಳನ್ನು ಆತ ಬೀದಿ ಹೋರಾಟದಲ್ಲಿ ಕಳೆದ. ಮಾಧ್ಯಮಗಳು ಸಲಿಂಗಿಗಳನ್ನು ಚಿತ್ರಿಸುವ ರೀತಿಯನ್ನು ಪ್ರಶ್ನಿಸಲು 1985ರಲ್ಲಿ ಹುಟ್ಟಿದ 'ಗ್ಲಾಡ್' ಸಂಸ್ಥೆಯ ಸ್ಥಾಪಕರಲ್ಲಿ ಆತನೂ ಒಬ್ಬ. ರಾಬ್ ಎಪ್‌ಸ್ಟೀನ್ ಮತ್ತು ಜೆಫ್ರಿ ಫ್ರೀಡ್‌ಮನ್ ಏಡ್ಸ್‌ನಿಂದ ಸತ್ತವರ ನೆನಪಿನ ಕೌದಿಯ ಬಗ್ಗೆ 'ಕಾಮನ್ ಥ್ರೆಡ್ಸ್' (1989) ಎಂಬ ಸಾಕ್ಷ್ಯಚಿತ್ರ ಮಾಡಿದಾಗ, ಅದರಲ್ಲಿ ತನ್ನ ಸಂಗಾತಿಯ ಬಗ್ಗೆ ಮಾತಾಡಿದವರಲ್ಲಿ ರುಸೊ ಒಬ್ಬ. ಆ ಚಿತ್ರಕ್ಕೆ ಆಸ್ಕರ್ ಬಂತು. 1990ರ ನವೆಂಬರಿನಲ್ಲಿ, 44ನೇ ವಯಸ್ಸಿನಲ್ಲಿ ರುಸೊ ತೀರಿಕೊಂಡ.

ಆತನ ಪುಸ್ತಕವನ್ನು ಸಿನಿಮಾ ಮಾಡುವ ಮಾತು ಬದುಕಿದ್ದಾಗಲೇ ನಡೆದಿತ್ತು. ಆದರೆ ದುಡ್ಡು ಹೊಂದಿಸುವುದಕ್ಕೆ ವರ್ಷಗಳು ಹಿಡಿದವು. ನಟಿ ಲಿಲಿ ಟಾಮ್ಲಿನ್ ಹಣ ಕೂಡಿಸಲು ನೆರವಾದರು, ಚಿತ್ರಕ್ಕೆ ನಿರೂಪಣೆಯ ದನಿಯೂ ಅವರದೇ. ಎಪ್‌ಸ್ಟೀನ್ ಮತ್ತು ಫ್ರೀಡ್‌ಮನ್ ನೂರಕ್ಕೂ ಹೆಚ್ಚು ಸಿನಿಮಾಗಳ ತುಣುಕುಗಳನ್ನು ಜೋಡಿಸಿ ಮುಗಿಸುವಷ್ಟರಲ್ಲಿ ರುಸೊ ಹೋಗಿ ಐದು ವರ್ಷವಾಗಿತ್ತು.

ಬದಲಾದ ಕಾರಣಗಳು

ಸಾಕ್ಷ್ಯಚಿತ್ರದ ನಡುಭಾಗ ಹೇಸ್ ಕೋಡ್‌ನದು. ಹಾಲಿವುಡ್ ಸ್ಟುಡಿಯೋಗಳು ತಮ್ಮ ಮೇಲೆ ತಾವೇ ಹೇರಿಕೊಂಡ ನೀತಿಸಂಹಿತೆ ಇದು. 1930ರಲ್ಲಿ ಬಂತು, 1934ರಿಂದ ಬಿಗಿಯಾಯಿತು. ಅದಕ್ಕೂ ಮೊದಲು 'ಮೊರಾಕೊ' (1930) ಚಿತ್ರದಲ್ಲಿ ಮಾರ್ಲೀನ್ ಡೀಟ್ರಿಚ್ ಗಂಡಸರ ಸೂಟು ತೊಟ್ಟು ಹಾಡಿ, ಎದುರಿಗಿದ್ದ ಹೆಂಗಸಿನ ತುಟಿಗೆ ಮುತ್ತಿಡುವ ದೃಶ್ಯವಿತ್ತು. ಕೋಡ್ ಬಿಗಿಯಾದ ಮೇಲೆ ಸಲಿಂಗ ಪ್ರೇಮದ ಸುಳಿವೂ ಪರದೆಯ ಮೇಲೆ ಇರಕೂಡದು ಎಂದಾಯಿತು.

ನಮ್ಮಲ್ಲಿ ಸೆನ್ಸಾರ್ ಎಂದರೆ ಕತ್ತರಿ. ಆದರೆ ಈ ಕತ್ತರಿ ಚಿತ್ರೀಕರಣಕ್ಕೂ ಮುಂಚೆ, ಕಥೆಯ ಹಂತದಲ್ಲೇ ಬೀಳುತ್ತಿತ್ತು. 'ದಿ ಲಾಸ್ಟ್ ವೀಕೆಂಡ್' ಕಾದಂಬರಿಯ ನಾಯಕ ಕುಡಿತಕ್ಕೆ ಬೀಳುವುದರ ಹಿಂದೆ ತನ್ನ ಲೈಂಗಿಕತೆಯ ತಳಮಳವಿದೆ. 1945ರ ಸಿನಿಮಾದಲ್ಲಿ ಆತ ಬರೆಯಲಾಗದೆ ಒದ್ದಾಡುವ ಲೇಖಕ, ಅಷ್ಟೆ. 'ಕ್ರಾಸ್‌ಫೈರ್' (1947) ಚಿತ್ರದ ಮೂಲ ಕಾದಂಬರಿಯಲ್ಲಿ ಕೊಲೆಯಾದವನು ಸಲಿಂಗಿ, ಸಿನಿಮಾದಲ್ಲಿ ಯಹೂದಿ. ಲಿಲಿಯನ್ ಹೆಲ್ಮನ್ ಬರೆದ 'ದಿ ಚಿಲ್ಡ್ರನ್ಸ್ ಅವರ್' ನಾಟಕದಲ್ಲಿ ಇಬ್ಬರು ಶಿಕ್ಷಕಿಯರ ನಡುವೆ ಸಂಬಂಧವಿದೆ ಎಂದು ಒಬ್ಬ ಹುಡುಗಿ ಸುಳ್ಳು ಹಬ್ಬಿಸುತ್ತಾಳೆ. ವಿಲಿಯಂ ವೈಲರ್ 1936ರಲ್ಲಿ ಅದನ್ನು ತೆರೆಗೆ ತಂದಾಗ ಒಬ್ಬ ಗಂಡಸಿಗಾಗಿ ಇಬ್ಬರು ಹೆಂಗಸರ ಕಥೆಯಾಗಿತ್ತು. ಅದೇ ವೈಲರ್ 1961ರಲ್ಲಿ ಮೂಲ ಕಥೆಯನ್ನೇ ಇಟ್ಟುಕೊಂಡು ಮತ್ತೆ ಸಿನಿಮಾ ಮಾಡಿದ. ಅದರ ನಾಯಕಿಯರಲ್ಲೊಬ್ಬರಾದ ಷರ್ಲಿ ಮೆಕ್ಲೇನ್ ಸಾಕ್ಷ್ಯಚಿತ್ರದಲ್ಲಿ ಹೇಳುವ ಮಾತು ಮನಸ್ಸಿನಲ್ಲಿ ಉಳಿಯುತ್ತದೆ: ಚಿತ್ರೀಕರಣದುದ್ದಕ್ಕೂ ಈ ಕಥೆ ನಿಜಕ್ಕೂ ಯಾವುದರ ಬಗ್ಗೆ ಎಂದು ಯಾರೂ ಕೂತು ಮಾತಾಡಲೇ ಇಲ್ಲವಂತೆ. ಆ ಪಾತ್ರ ತನ್ನೊಳಗಿನ ಪ್ರೀತಿಯನ್ನು ಒಪ್ಪಿಕೊಂಡ ಮೇಲೆ ನೇಣು ಹಾಕಿಕೊಳ್ಳುತ್ತದೆ. ರುಸೊನ ಪಟ್ಟಿಗೆ ಇನ್ನೊಂದು ಹೆಸರು.

ಚಿತ್ರೀಕರಣವಾದ ಮೇಲೆ ಬಿದ್ದ ಕತ್ತರಿಗೆ 'ಸ್ಪಾರ್ಟಕಸ್' (1960) ಉದಾಹರಣೆ. ರೋಮನ್ ಸೇನಾಪತಿ ಕ್ರಾಸಸ್ ಆಗಿ ಲಾರೆನ್ಸ್ ಒಲಿವಿಯೆ, ಅವನ ಗುಲಾಮನಾಗಿ ಟೋನಿ ಕರ್ಟಿಸ್. ಸ್ನಾನದ ಮನೆಯಲ್ಲಿ ಸೇನಾಪತಿ ತಿನ್ನುವ ರುಚಿಯ ಮಾತೆತ್ತಿ, ಬಸವನಹುಳು ಇಷ್ಟವೋ ಸಿಂಪಿ ಇಷ್ಟವೋ ಎಂದು ಕೇಳುತ್ತಾನೆ. ಕೇಳುತ್ತಿರುವುದು ಊಟದ ಬಗ್ಗೆ ಅಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತದೆ. ದೃಶ್ಯ ಕತ್ತರಿಗೆ ಹೋಯಿತು. 1991ರಲ್ಲಿ ಚಿತ್ರವನ್ನು ಪುನರುಜ್ಜೀವಗೊಳಿಸುವಾಗ ದೃಶ್ಯ ಸಿಕ್ಕಿತು, ಧ್ವನಿ ಸಿಗಲಿಲ್ಲ. ಒಲಿವಿಯೆ 1989ರಲ್ಲೇ ತೀರಿಕೊಂಡಿದ್ದರು. ಮೂವತ್ತು ವರ್ಷ ದಾಟಿದ ಮೇಲೆ ಟೋನಿ ಕರ್ಟಿಸ್ ತಮ್ಮ ಮಾತನ್ನು ತಾವೇ ಮತ್ತೆ ಡಬ್ ಮಾಡಿದರು. ಒಲಿವಿಯೆಯ ಮಾತನ್ನು ಅವರಂತೆಯೇ ನುಡಿದು ಕೊಟ್ಟವರು ಆಂಥೊನಿ ಹಾಪ್ಕಿನ್ಸ್. ನಾವಿಂದು ನೋಡುವ ಆ ದೃಶ್ಯದಲ್ಲಿ ಮುಖ ಒಬ್ಬರದು, ದನಿ ಇನ್ನೊಬ್ಬರದು.

ಇವೆಲ್ಲದರ ನಡುವೆ ಸಾಕ್ಷ್ಯಚಿತ್ರ ಒಂದು ಜಗಳವನ್ನೂ ಬಿಚ್ಚಿಡುತ್ತದೆ. ಹಳೆಯ ಚಿತ್ರಗಳಲ್ಲಿ ಸೊಂಟ ಬಳುಕಿಸಿ ನಗಿಸುವ ಗಂಡಸಿನ ಪಾತ್ರವೊಂದು ಇರುತ್ತಿತ್ತು. ಕನ್ನಡದಲ್ಲಿ 'ಹೆಣ್ಣಿಗ' ಎಂದು ಹೀಯಾಳಿಸುವ ಪಾತ್ರ. ನಾಟಕಕಾರ ಆರ್ಥರ್ ಲಾರೆಂಟ್ಸ್‌ಗೆ ಅದನ್ನು ಕಂಡರೆ ಅವಮಾನ. ನಟ ಹಾರ್ವೆ ಫಯರ್‌ಸ್ಟೀನ್‌ಗೆ ಅದೇ ಪಾತ್ರ ಇಷ್ಟ. ಏನೂ ಕಾಣದಿರುವುದಕ್ಕಿಂತ ಹೇಗಾದರೂ ಸರಿ, ಕಾಣುವುದು ಮೇಲು ಎಂಬುದು ಅವರ ವಾದ. ಚಿತ್ರ ತೀರ್ಪು ಕೊಡುವುದಿಲ್ಲ. ನಮ್ಮ ಸಿನಿಮಾಗಳ ಇಂಥ ಹಾಸ್ಯ ದೃಶ್ಯಗಳಿಗೆ ನಕ್ಕು ಬೆಳೆದ ನಾನು ಲಾರೆಂಟ್ಸ್ ಕಡೆ ವಾಲುತ್ತೇನೆ. ಆದರೆ ಆ ಪಾತ್ರ ನೋಡಿ "ನಾನೊಬ್ಬನೇ ಅಲ್ಲ" ಅಂದುಕೊಂಡ ಹುಡುಗನ ಪರ ಮಾತಾಡುವ ಹಕ್ಕು ನನಗಿಲ್ಲ.

ಓದುವುದು, ಅತಿಯಾಗಿ ಓದುವುದು

ಮುಚ್ಚಿಟ್ಟದ್ದನ್ನು ಹುಡುಕುವವರಿಗೆ ಒಂದು ಅಪಾಯವಿದೆ: ಇಲ್ಲದ್ದೂ ಕಾಣಬಹುದು. ಡಿಕ್ಸನ್‌ನ ಆ ಕುಣಿತವನ್ನೇ ನೋಡಿ. ರುಸೊ ತನ್ನ ಪುಸ್ತಕದಲ್ಲಿ ಅದನ್ನು 'ದಿ ಗೇ ಬ್ರದರ್ಸ್' ಎಂದು ಕರೆದ. ಆ ಹೆಸರಿಗೆ ಆಧಾರವಿಲ್ಲ, ಆ ಕಾಲಕ್ಕೆ 'ಗೇ' ಎಂಬ ಮಾತಿಗೆ ಇವತ್ತಿನ ಅರ್ಥವೂ ಇರಲಿಲ್ಲ. 'ಬೆನ್ ಹರ್' (1959) ಬಗ್ಗೆ ಲೇಖಕ ಗೋರ್ ವಿಡಾಲ್ ಸಾಕ್ಷ್ಯಚಿತ್ರದಲ್ಲಿ ಹೇಳುವ ಕಥೆಯೂ ಹೀಗೇ. ನಾಯಕನೂ ಖಳನಾಯಕನೂ ಹರೆಯದಲ್ಲಿ ಪ್ರೇಮಿಗಳಾಗಿದ್ದರು ಎಂಬ ಒಳಅರ್ಥವಿಟ್ಟು ದೃಶ್ಯ ಬರೆದೆ, ಖಳನಾಯಕ ಸ್ಟೀಫನ್ ಬಾಯ್ಡ್‌ಗೆ ಅದು ಗೊತ್ತಿತ್ತು, ನಾಯಕ ಚಾರ್ಲ್ಟನ್ ಹೆಸ್ಟನ್‌ಗೆ ಹೇಳಲಿಲ್ಲ ಎನ್ನುತ್ತಾರೆ ವಿಡಾಲ್. ಹೆಸ್ಟನ್ ಇದನ್ನು ಬಹಿರಂಗವಾಗಿಯೇ ಅಲ್ಲಗಳೆದರು. ಯಾರ ಮಾತು ನಿಜವೋ, ಆ ದೃಶ್ಯವನ್ನು ಮತ್ತೆ ನೋಡಿದರೆ ಬಾಯ್ಡ್‌ನ ಕಣ್ಣು ಬೇರೆಯಾಗಿಯೇ ಕಾಣುತ್ತದೆ.

ಈ ಅನುಮಾನವನ್ನೇ ಆಟವಾಗಿಸಿಕೊಂಡದ್ದು ಮಾರ್ಕ್ ರಾಪಾಪೋರ್ಟ್‌ನ 'ರಾಕ್ ಹಡ್ಸನ್ಸ್ ಹೋಮ್ ಮೂವೀಸ್' (1992). ಗಂಡಸುತನಕ್ಕೆ ಮಾದರಿಯೆಂದು ಹಾಲಿವುಡ್ ಮೆರೆಸಿದ ತಾರೆ ಹಡ್ಸನ್ 1985ರಲ್ಲಿ ಏಡ್ಸ್‌ನಿಂದ ಸತ್ತಾಗಲೇ ಆತ ಸಲಿಂಗಿಯೆಂದು ಜಗತ್ತಿಗೆ ತಿಳಿದದ್ದು. ರಾಪಾಪೋರ್ಟ್ ಹಡ್ಸನ್ ಸಿನಿಮಾಗಳ ವೀಡಿಯೊ ಕ್ಯಾಸೆಟ್‌ಗಳಿಂದಲೇ ತುಣುಕು ತೆಗೆದ. ಒಬ್ಬ ನಟ ಸತ್ತ ಹಡ್ಸನ್ ಆಗಿ ನಿಂತು, ನೋಡಿ, ಇಲ್ಲಿ ನಾನು ಏನು ಹೇಳುತ್ತಿದ್ದೆ ಎಂದು ತೋರಿಸುತ್ತಾ ಹೋಗುತ್ತಾನೆ. ಅದೇ ವರ್ಷ ಬಾರ್ಬರಾ ಹ್ಯಾಮರ್ 'ನೈಟ್ರೇಟ್ ಕಿಸಸ್' ಮಾಡಿದರು. ಅದರಲ್ಲಿ ಪ್ರಣಯದಲ್ಲಿರುವ ದೇಹಗಳ ಮೇಲೆ ಹೇಸ್ ಕೋಡ್‌ನ ಸಾಲುಗಳು ಉರುಳುತ್ತವೆ. ಯಾವುದನ್ನು ತೋರಿಸಕೂಡದೆಂದು ಅಕ್ಷರ ಹೇಳುತ್ತಿದೆಯೋ ಅದೇ ಅದರ ಹಿಂದೆ ಕಾಣುತ್ತಿದೆ.

ಸುಟ್ಟವರು ಬಿಟ್ಟದ್ದು

ಕತ್ತರಿ ಬಿದ್ದ ಸಿನಿಮಾದಲ್ಲಿ ಉಳಿದ ಭಾಗವಾದರೂ ಇರುತ್ತದೆ. ಇಡೀ ಸಿನಿಮಾವನ್ನೇ ಇಲ್ಲವಾಗಿಸಿದರೆ?

1919ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ 'ಆಂಡರ್ಸ್ ಆಲ್ಸ್ ದಿ ಆಂಡರ್ನ್' ತೆರೆಕಂಡಿತು. 'ಉಳಿದವರಂತಲ್ಲ' ಎಂದು ಅರ್ಥ. ನಿರ್ದೇಶಕ ರಿಚರ್ಡ್ ಓಸ್ವಾಲ್ಡ್, ಜೊತೆಗೆ ಲೈಂಗಿಕ ವಿಜ್ಞಾನಿ ಮಾಗ್ನಸ್ ಹಿರ್ಷ್‌ಫೆಲ್ಡ್. ಕಾನ್ರಾಡ್ ವೈಟ್ ಅಭಿನಯಿಸಿದ ಪಿಟೀಲುವಾದಕನೊಬ್ಬ ತನ್ನ ಶಿಷ್ಯನನ್ನು ಪ್ರೀತಿಸುತ್ತಾನೆ. ಅದು ಗೊತ್ತಾದ ಒಬ್ಬ ಬ್ಲ್ಯಾಕ್‌ಮೇಲ್ ಮಾಡಿ ಹಣ ಕೀಳುತ್ತಾನೆ. ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆನ್ನುವ 175ನೇ ಕಲಮು ಇದ್ದದ್ದರಿಂದಲೇ ಇದು ಸಾಧ್ಯ ಎಂದು ಚಿತ್ರ ನೇರವಾಗಿ ಹೇಳುತ್ತದೆ. 1920ರಲ್ಲಿ ಸಾರ್ವಜನಿಕ ಪ್ರದರ್ಶನ ನಿಂತಿತು, ವೈದ್ಯರು ಮತ್ತು ಸಂಶೋಧಕರು ಮಾತ್ರ ನೋಡಬಹುದು ಎಂದಾಯಿತು. 1933ರ ಮೇ ತಿಂಗಳಲ್ಲಿ ನಾಜಿಗಳು ಹಿರ್ಷ್‌ಫೆಲ್ಡ್‌ರ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಸಿನಿಮಾದ ಪೂರ್ಣ ಪ್ರತಿ ಎಲ್ಲಿಯೂ ಉಳಿಯಲಿಲ್ಲ. ಹಿರ್ಷ್‌ಫೆಲ್ಡ್ 1927ರ ಇನ್ನೊಂದು ಚಿತ್ರದೊಳಗೆ ಇದರ ಭಾಗಗಳನ್ನು ಸೇರಿಸಿದ್ದರು. ಅದರ ಪ್ರತಿಯೊಂದು ಸೋವಿಯತ್ ನೆಲ ಸೇರಿತ್ತು. ಇವತ್ತು ನಾವು ನೋಡುವುದು ಆ ತುಂಡುಗಳು, ನಡುನಡುವೆ ಸ್ಥಿರಚಿತ್ರ ಮತ್ತು ಬರಹ. ಕಾನ್ರಾಡ್ ವೈಟ್ ಜರ್ಮನಿ ಬಿಟ್ಟುಹೋದರು. 'ಕಾಸಾಬ್ಲಾಂಕಾ' (1942) ನೋಡಿದವರಿಗೆ ಅವರ ಮುಖ ನೆನಪಿರುತ್ತದೆ. ಅಲ್ಲಿ ಅವರು ನಾಜಿ ಮೇಜರ್.

ಒಂದು ಚಿತ್ರದ ಪ್ರತಿ ಉಳಿಯದಿದ್ದರೆ ಏನಾಗುತ್ತದೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಇಂದು ನೋಡಲು ಇಲ್ಲ, ಅದರ ಬಗ್ಗೆ ಓದಬಹುದಷ್ಟೆ. ಆದರೆ ಅದನ್ನು ಯಾರೂ ದ್ವೇಷದಿಂದ ಸುಡಲಿಲ್ಲ, ಅದು ನಮ್ಮ ಅಸಡ್ಡೆಗೆ ಹೋಯಿತು. ನಾಚಿಕೆ, ಅಸಡ್ಡೆ, ದ್ವೇಷ ಮೂರೂ ಕೂಡಿದರೆ ಏನು ಉಳಿದೀತು?

ಇದಕ್ಕೆ ಶೆರಿಲ್ ಡನ್ಯೆ ಎಂಬ ಕಪ್ಪು ಲೆಸ್ಬಿಯನ್ ನಿರ್ದೇಶಕಿ ಕೊಟ್ಟ ಉತ್ತರ ವಿಚಿತ್ರವಾಗಿದೆ. 'ದಿ ವಾಟರ್‌ಮೆಲನ್ ವುಮನ್' (1996) ಚಿತ್ರದಲ್ಲಿ ಶೆರಿಲ್ ಎಂಬ ಹುಡುಗಿ 1930ರ ದಶಕದ ಫೇ ರಿಚರ್ಡ್ಸ್ ಎಂಬ ಕಪ್ಪು ನಟಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಡುತ್ತಾಳೆ. ಹಳೆಯ ಫೋಟೊಗಳು ಸಿಗುತ್ತವೆ, ಆಕೆಯನ್ನು ಬಲ್ಲವರು ಸಿಗುತ್ತಾರೆ. ಕೊನೆಗೆ ತೆರೆಯ ಮೇಲೆ ಬರುವ ಬರಹ ಹೇಳುತ್ತದೆ: ಅಂಥ ನಟಿ ಇರಲೇ ಇಲ್ಲ, ಕೆಲವೊಮ್ಮೆ ನಮ್ಮ ಇತಿಹಾಸವನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಫೋಟೊಗಳನ್ನೆಲ್ಲ ಈ ಚಿತ್ರಕ್ಕಾಗಿಯೇ ಜೊಯಿ ಲೆನಾರ್ಡ್ ಎಂಬ ಕಲಾವಿದೆ ತೆಗೆದಿದ್ದರು. 'ಸೆಲ್ಯುಲಾಯ್ಡ್ ಕ್ಲಾಸೆಟ್' ನೋಡಿದ ಕೂಡಲೇ ಇದನ್ನು ನೋಡಿದರೆ ಮೊದಲನೆಯದರ ಕೊರತೆ ಕಾಣುತ್ತದೆ. ಅಲ್ಲಿರುವುದು ಹಾಲಿವುಡ್, ಅದರಲ್ಲೂ ಹೆಚ್ಚಿನಂಶ ಬಿಳಿಯ ಗಂಡಸರು. ಕ್ಯಾಮೆರಾ ಯಾರನ್ನು ಹಿಡಿದಿತ್ತೋ ಅವರ ತುಣುಕು ಮಾತ್ರ ತಾನೇ ಸಿಗುವುದು?

'ಮೊದಲ' ಎಂಬ ಮಾತು

ಈಗ ಮುಂಬಯಿಗೆ ಬರೋಣ. ರಿಯಾದ್ ವಾಡಿಯಾ 'ವಾಡಿಯಾ ಮೂವಿಟೋನ್' ಮನೆತನದ ಹುಡುಗ. 'ಹಂಟರ್‌ವಾಲಿ' (1935) ಚಿತ್ರದಲ್ಲಿ ಚಾಟಿ ಹಿಡಿದು ಕುದುರೆ ಓಡಿಸಿದ ಫಿಯರ್‌ಲೆಸ್ ನಾದಿಯಾ ಇದೇ ಮನೆಯ ಸೊಸೆ. 1993ರಲ್ಲಿ ರಿಯಾದ್ ಆಕೆಯ ಬಗ್ಗೆ 'ಫಿಯರ್‌ಲೆಸ್: ದಿ ಹಂಟರ್‌ವಾಲಿ ಸ್ಟೋರಿ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಮನೆಯ ಗೋದಾಮಿನಲ್ಲಿದ್ದ ಹಳೆಯ ಚಿತ್ರಗಳೇ ಅದಕ್ಕೆ ಸಾಮಗ್ರಿ. ಮೂರು ವರ್ಷದ ನಂತರ ಅದೇ ರಿಯಾದ್, ಆರ್. ರಾಜ್ ರಾವ್ ಅವರ ಕವಿತೆಗಳನ್ನಿಟ್ಟುಕೊಂಡು 'ಬಾಮ್‌ಗೇ' (1996) ಎಂಬ ಕಿರುಚಿತ್ರ ಮಾಡಿದರು. ಥಿಯೇಟರಿಗೆ ಅದು ಬರುವ ಮಾತೇ ಇರಲಿಲ್ಲ. ಅದು ಭಾರತದ ಮೊದಲ ಗೇ ಚಿತ್ರವೆಂದು ಹೆಸರಾಯಿತು. ಎರಡು ವರ್ಷದ ನಂತರ ದೀಪಾ ಮೆಹ್ತಾರ 'ಫೈರ್' ಥಿಯೇಟರಿಗೆ ಬಂದಾಗ ಮುಂಬಯಿ, ದೆಹಲಿಗಳಲ್ಲಿ ಗಾಜು ಒಡೆದದ್ದು ಆ ಊರುಗಳಲ್ಲಿದ್ದ ಓದುಗರಿಗೆ ನೆನಪಿರಬಹುದು. ರಿಯಾದ್ 2003ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು.

2019ರಲ್ಲಿ ಬರ್ಲಿನ್‌ನ ಆರ್ಸೆನಲ್ ಸಂಸ್ಥೆಯ ಸಂಗ್ರಹದಲ್ಲಿ ಒಂದು ಹಿಂದಿ ಚಿತ್ರದ 35 ಎಂಎಂ ಪ್ರತಿ ಸಿಕ್ಕಿತು. 'ಬದನಾಮ್ ಬಸ್ತಿ', 1971, ನಿರ್ದೇಶಕ ಪ್ರೇಮ್ ಕಪೂರ್. ಕಮಲೇಶ್ವರರ ಕಾದಂಬರಿ ಆಧರಿಸಿದ್ದು. ಡಕಾಯಿತನಾಗಿದ್ದು ಆಮೇಲೆ ಡ್ರೈವರನಾದ ಸರ್ನಾಮ್ ಸಿಂಗ್, ಅವನ ಬದುಕಿಗೆ ಬರುವ ಬನ್ಸುರಿ ಎಂಬ ಹೆಂಗಸು, ಶಿವರಾಜ್ ಎಂಬ ಯುವಕ. ಗಂಡಸರಿಬ್ಬರ ನಡುವಿನ ಪ್ರೀತಿಯನ್ನು ಚಿತ್ರ ಕೂಗಿ ಹೇಳುವುದಿಲ್ಲ, ಗೇಲಿಯನ್ನೂ ಮಾಡುವುದಿಲ್ಲ. 2020ರಲ್ಲಿ ಆನ್‌ಲೈನಿನಲ್ಲಿ ಅದರ ಪ್ರದರ್ಶನವಾಯಿತು. ಒಂದು ಡಬ್ಬಿ ತೆರೆದದ್ದಕ್ಕೆ ನಮ್ಮ ಕ್ವಿಯರ್ ಸಿನಿಮಾದ ಇತಿಹಾಸ ಕಾಲು ಶತಮಾನ ಹಿಂದಕ್ಕೆ ಸರಿಯಿತು. ಯಾವ ಊರಿನಲ್ಲಿ ಹಿರ್ಷ್‌ಫೆಲ್ಡ್‌ರ ಪುಸ್ತಕಗಳನ್ನು ಸುಟ್ಟಿದ್ದರೋ ಅದೇ ಊರು ಈ ಪ್ರತಿಯನ್ನು ಕಾಪಾಡಿತ್ತು.

ಕನ್ನಡಕ್ಕೆ ಬಂದರೆ, 'ನಾನು ಅವನಲ್ಲ... ಅವಳು' (2015) ಚಿತ್ರವನ್ನು ಬಿಟ್ಟು ಮಾತಾಡಲಾಗದು. ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ ಚಿತ್ರ. ಮಾದೇಶ ವಿದ್ಯಾ ಆಗುವ ದಾರಿಯನ್ನು ಸಂಚಾರಿ ವಿಜಯ್ ಅಭಿನಯಿಸಿದರು. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಮೇಕಪ್ಪಿಗೂ ಬಂತು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಅಲ್ಲಿಯವರೆಗೆ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಳ್ಳುತ್ತಿದ್ದವರಲ್ಲೂ ಒಬ್ಬ.

ಐದು ವರ್ಷದ ನಂತರ ಸ್ಯಾಮ್ ಫೆಡರ್ ನಿರ್ದೇಶನದ 'ಡಿಸ್‌ಕ್ಲೋಷರ್' (2020) ಬಂತು. ಹಾಲಿವುಡ್ಡು ಟ್ರಾನ್ಸ್ ಜನರನ್ನು ತೋರಿಸಿದ ಬಗೆಯ ಇತಿಹಾಸ. ಕ್ಯಾಮೆರಾ ಎದುರು ಮಾತಾಡುವವರೆಲ್ಲ ಟ್ರಾನ್ಸ್ ಜನರೇ. ಅದರಲ್ಲಿ ಜೆನ್ ರಿಚರ್ಡ್ಸ್ ಎಂಬ ನಟಿ ಹೇಳುವ ಮಾತು ನನ್ನನ್ನು ಕೂಡಲೇ ಕನ್ನಡ ಚಿತ್ರಕ್ಕೆ ಕರೆದೊಯ್ಯಿತು. ಟ್ರಾನ್ಸ್ ಹೆಣ್ಣಿನ ಪಾತ್ರವನ್ನು ಗಂಡಸು ಮಾಡಿ, ಆಮೇಲೆ ಗಡ್ಡ ಬಿಟ್ಟು ವೇದಿಕೆಗೆ ಬಂದು ಪ್ರಶಸ್ತಿ ತೆಗೆದುಕೊಂಡಾಗ, ನೋಡುವವರ ಮನಸ್ಸಿನಲ್ಲಿ ಉಳಿಯುವುದು ಒಂದೇ: ಸೀರೆ ತೆಗೆದರೆ ಒಳಗಿರುವುದು ಗಂಡಸೇ. ಬೀದಿಯಲ್ಲಿ ನಡೆಯುವ ಹಲ್ಲೆಗಳ ಬೇರು ಈ ನಂಬಿಕೆಯಲ್ಲಿದೆ ಎನ್ನುತ್ತಾರೆ ಆಕೆ. ಸೀರೆ ಎಂದದ್ದು ನಾನು, ಆಕೆಯ ಮಾತಿನ ಸಾರ ಅದು.

ವಿಜಯ್ 2021ರಲ್ಲಿ ರಸ್ತೆ ಅಪಘಾತವೊಂದರಲ್ಲಿ ಹೋಗಿಬಿಟ್ಟರು. ಅವರ ಶ್ರದ್ಧೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ, ನನಗೂ ಇಲ್ಲ. ಆದರೂ ಈ ಎರಡು ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದ ಮೇಲೆ ನನ್ನ ಕಣ್ಣೀರಿನ ಬಗ್ಗೆ ನನಗೇ ಪ್ರಶ್ನೆ ಬಂತು. ವಿದ್ಯಾಳ ಪಾತ್ರವನ್ನು ಅಂಥ ಬದುಕನ್ನು ಬದುಕಿದವಳೇ ಮಾಡಿದ್ದರೆ, ನಾನು ಇಷ್ಟು ಸಲೀಸಾಗಿ ಅತ್ತು ಎದ್ದು ಬರುತ್ತಿದ್ದೆನೇ? ಫಯರ್‌ಸ್ಟೀನ್ ಇದ್ದಿದ್ದರೆ ಹೇಗಾದರೂ ಸರಿ ಕಾಣಲಿ ಎನ್ನುತ್ತಿದ್ದರೇನೋ. ರಿಚರ್ಡ್ಸ್ ಒಪ್ಪುತ್ತಿರಲಿಲ್ಲ.

ನೋಡಬಯಸುವವರು 'ಸೆಲ್ಯುಲಾಯ್ಡ್ ಕ್ಲಾಸೆಟ್'ನಿಂದ ಶುರುಮಾಡಿ, ಅದರ ಬೆನ್ನಿಗೇ 'ಡಿಸ್‌ಕ್ಲೋಷರ್' ನೋಡಿ. ರುಸೊ ಬಗ್ಗೆಯೇ ಜೆಫ್ರಿ ಶ್ವಾರ್ಟ್ಸ್ ಮಾಡಿದ 'ವಿಟೊ' ಎಂಬ ಸಾಕ್ಷ್ಯಚಿತ್ರವೂ ಇದೆ. ಆಮೇಲೆ ಎಂದಾದರೂ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹಳೆಯ ಕನ್ನಡ ಸಿನಿಮಾ ಬಂದಾಗ, ಅದೇ ಹಾಸ್ಯ ದೃಶ್ಯ ಬಂದು ಮನೆಯವರೆಲ್ಲ ನಕ್ಕಾಗ, ನಗದೇ ಇರುವವರು ಯಾರಾದರೂ ಆ ಕೋಣೆಯಲ್ಲಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ.